ಓಕ್ ಮೇಜಿನೊಳಗಿನ ಬಿಸ್ಕತ್ತು

ಜರ್ಮನಿಯ ಲೈಪ್‌ಜಿಗ್ ಸುತ್ತಮುತ್ತ ಪುರಾತತ್ತ್ವಜ್ಞರು ಅಗೆದು ತೆಗೆದ ಕೆಲವು ಬಾವಿಗಳಿಗೆ ಏಳು ಸಾವಿರ ವರ್ಷಗಳ ವಯಸ್ಸು. ಅವುಗಳ ಒಳಗೋಡೆ ಓಕ್ ಮರದ್ದು. ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ, ಆ ಮರಗಳನ್ನು ಕಡಿದದ್ದು ಕ್ರಿ.ಪೂ. 5469ರಿಂದ 5098ರ ನಡುವೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಲೋಹದ ಉಳಿ ಇನ್ನೂ ಇಲ್ಲದ ಕಾಲವದು. ಕಲ್ಲಿನ ಬಾಚಿ ಹಿಡಿದ ರೈತರು ಒಂದು ಮರದಲ್ಲಿ ತೂತು ಕೊರೆದು, ಇನ್ನೊಂದರ ತುದಿಯನ್ನು ಅದಕ್ಕೆ ತಕ್ಕಂತೆ ಕೆತ್ತಿ ತೂರಿಸಿ, ಬೆಣೆ ಹೊಡೆದು ಬಿಗಿಮಾಡಿದ್ದರು.

ಯುರೋಪಿನ ಓಕ್ ಮೇಜು, ಕುರ್ಚಿ, ಚಾವಣಿಗಳೆಲ್ಲ ಮುಂದೆ ನಿಂತದ್ದು ಹೆಚ್ಚಾಗಿ ಇದೇ ತೂತು-ತುದಿಯ ಕೀಲಿನ ಮೇಲೆ. ಮೊಳೆ ಹೊಡೆಯಲು ಒಂದು ಅಡ್ಡಿಯೂ ಇತ್ತು. ಓಕ್‌ನಲ್ಲಿ ಟ್ಯಾನಿನ್ ಹೇರಳ. ತೇವ ಸೇರಿದರೆ ಅದು ಕಬ್ಬಿಣದೊಡನೆ ಬೆರೆತು ಮರವನ್ನು ಕಪ್ಪಾಗಿಸುತ್ತದೆ. ಮಧ್ಯಯುಗದ ಲಿಪಿಕಾರರು ಓಕ್ ಮರದ ಗಂಟುಕಾಯಿ ಮತ್ತು ಕಬ್ಬಿಣದ ಲವಣದಿಂದ ಶಾಯಿ ಮಾಡಿದ್ದು ಇದೇ ಗುಣವನ್ನು ನಂಬಿ. ಲಿಪಿಕಾರನಿಗೆ ಬೇಕಾದದ್ದು ಬಡಗಿಗೆ ಕಲೆ.

ಎರಡನೆಯ ಮಹಾಯುದ್ಧದ ಸುಮಾರಿಗೆ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹೊಸದೊಂದು ಹಲಗೆ ಬಂತು. ಒಳ್ಳೆಯ ಮರಕ್ಕೆ ಅಭಾವವಿದ್ದಾಗ ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ, ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅದು. ಅಗ್ಗ, ಸಮತಟ್ಟು. ಆದರೆ ಮರದಂತೆ ಉದ್ದಕ್ಕೂ ಸಾಗುವ ಎಳೆಗಳು ಅದಕ್ಕಿಲ್ಲ. ಅದರ ತುದಿಯನ್ನು ಕೆತ್ತಿ ಕೀಲು ಮಾಡಹೊರಟರೆ ಪುಡಿಯಾಗಿ ಉದುರುತ್ತದೆ. ಏಳು ಸಾವಿರ ವರ್ಷಗಳ ಕಸುಬು ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಬಾಸೆಲ್ ನಗರದ ಹತ್ತಿರದ ಲೀಸ್ಟಾಲ್‌ನಲ್ಲಿ 1944ರಲ್ಲಿ ಬಡಗಿ ಕಾರ್ಯಾಗಾರ ತೆರೆದಿದ್ದ ಹರ್ಮನ್ ಸ್ಟೈನರ್, 1950ರ ದಶಕದ ಮಧ್ಯದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡ. ಎರಡೂ ಹಲಗೆಗಳ ಅಂಚಿನಲ್ಲಿ ಗರಗಸದ ಚಕ್ರದಿಂದ ಅರ್ಧಚಂದ್ರಾಕಾರದ ಸೀಳು ಮಾಡಿ, ಬೀಚ್ ಮರದ ತೆಳು ಬಿಲ್ಲೆಯೊಂದನ್ನು ಅಂಟು ಹಚ್ಚಿ ನಡುವೆ ಕೂರಿಸುವುದು. ತೆಳು ಹಾಳೆ ಎಂಬ ಅರ್ಥದ ಜರ್ಮನ್ ಪದದಿಂದ ಅದಕ್ಕೆ ‘ಲಾಮೆಲ್ಲೋ’ ಎಂಬ ಹೆಸರು ಬಂತು. ಇಂಗ್ಲಿಷಿನವರು ಅದನ್ನು ಬಿಸ್ಕತ್ತು ಎಂದರು. ಹೆಸರು ಒಪ್ಪುವಂಥದ್ದೇ: ಬಿಲ್ಲೆಯನ್ನು ಒತ್ತಿ ತೆಳುವಾಗಿಸಿರುತ್ತಾರೆ; ಅಂಟಿನ ನೀರು ಹೀರಿದೊಡನೆ, ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬಿ ಸೀಳಿನೊಳಗೆ ಬಿಗಿಯಾಗುತ್ತದೆ. ಬಿಲ್ಲೆ ಉದ್ದಕ್ಕೆ ಸೀಳಿಹೋಗಬಾರದೆಂದು ಅದರ ಎಳೆಗಳನ್ನು ಓರೆಯಾಗಿ ಇಟ್ಟಿರುತ್ತಾರೆ. ಸೀಳು ಬಿಲ್ಲೆಗಿಂತ ತುಸು ಉದ್ದವಿರುವುದರಿಂದ, ಅಂಟು ಒಣಗುವ ಮುನ್ನ ಹಲಗೆಗಳನ್ನು ಅತ್ತಿತ್ತ ಸರಿಸಿ ಹೊಂದಿಸಬಹುದು. 1960ರ ದಶಕದ ಕೊನೆಗೆ ಕೈಯಲ್ಲಿ ಹಿಡಿಯುವ ಯಂತ್ರವೂ ಬಂತು. ದಿನದ ಕೆಲಸ ಗಂಟೆಗಳಿಗೆ ಇಳಿಯಿತು.

ಎಳೆಯಿಲ್ಲದ ಹಲಗೆಗಾಗಿ ಹುಟ್ಟಿದ ಈ ಬಿಲ್ಲೆ ಆಮೇಲೆ ಓಕ್ ಮರಕ್ಕೂ ಬಂತು. ಇಲ್ಲಿಂದ ಬಡಗಿಗಳ ನಡುವೆ ವಾದ ಶುರು. ಮೇಜಿನ ಮೇಲ್ಭಾಗಕ್ಕೆ ಐದಾರು ಓಕ್ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸುವಾಗ ಒಳ್ಳೆಯ ಅಂಟೊಂದೇ ಸಾಕಷ್ಟು ಬಲ ಕೊಡುತ್ತದೆ. ಬಿಸ್ಕತ್ತಿನ ಕೆಲಸ ಹಲಗೆಗಳನ್ನು ಒಂದೇ ಮಟ್ಟದಲ್ಲಿ ಹಿಡಿಯುವುದು ಮಾತ್ರ. ಕಾಲಿಗೂ ಅಡ್ಡಪಟ್ಟಿಗೂ ನಡುವೆ ಅದನ್ನು ನೆಚ್ಚಿದರೆ, ಮೇಜನ್ನು ಎಳೆದಾಡಿದಾಗಲೆಲ್ಲ ಆ ಪುಟ್ಟ ಬಿಲ್ಲೆಯ ಮೇಲೆ ಭಾರ ಬೀಳುತ್ತದೆ. ಅಲ್ಲಿ ಆಳವಾಗಿ ಕೂತ ಹಳೆಯ ಕೀಲೇ ಗಟ್ಟಿ.

ಯಂತ್ರ ಬದಲಿಸಲಾಗದ ಮಾತೊಂದಿದೆ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಹಿಗ್ಗಿ ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ, ಮೀಟರ್ ಅಗಲದ ಓಕ್ ಮೇಜು ಋತುವಿನೊಡನೆ ಕೆಲವು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಆದ್ದರಿಂದ ಮೇಲ್ಭಾಗವನ್ನು ಚೌಕಟ್ಟಿಗೆ ಅಂಟಿಸಿಬಿಟ್ಟರೆ ಮರ ಸೀಳುತ್ತದೆ. ಜಾರಲು ಎಡೆಯಿರುವ ಸಣ್ಣ ಮರದ ಹಿಡಿಕೆಗಳಿಂದ ಅದನ್ನು ಹಿಡಿದಿಡಬೇಕು. ಪಾರ್ಟಿಕಲ್ ಬೋರ್ಡಿಗೆ ಈ ಉಪಚಾರ ಬೇಕಿಲ್ಲ. ಸ್ಟೈನರನ ಬಿಲ್ಲೆ ಕೀಲು ಕೆತ್ತುವ ಶ್ರಮವನ್ನು ಇಳಿಸಿತು, ಕಸುಬಿಗೆ ಹೊಸಬರನ್ನೂ ಕರೆತಂದಿತು. ಆದರೆ ಮರ ಯಾವ ಕಡೆಗೆ ಹಿಗ್ಗುತ್ತದೆ ಎಂಬ ತಿಳಿವು ಯಂತ್ರದ ಜೊತೆಗೆ ಬರುವುದಿಲ್ಲ. ಅದನ್ನು ಈಗಲೂ ಮರದಿಂದಲೇ ಕಲಿಯಬೇಕು.