ಅಂಗವೈಕಲ್ಯ, ಕಲೆ, ಪ್ರೇಕ್ಷಕ: ಬ್ರಿಟನ್ನಿನ ಒಂದು ಚಳವಳಿಯ ವಿವೇಚನೆ

1

ಯೂರೋಪಿನ ಚಿತ್ರಕಲೆಯ ಇತಿಹಾಸದಲ್ಲಿ ಅಂಗವಿಕಲರ ಚಿತ್ರಗಳಿಗೆ ಕೊರತೆಯಿಲ್ಲ. ಪೀಟರ್ ಬ್ರೂಗೆಲ್ 1568ರಲ್ಲಿ ರಚಿಸಿದ, ಇಂದು ನೇಪಲ್ಸ್ ನಗರದ ಕಾಪೋದಿಮೋಂತೆ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರವೊಂದರಲ್ಲಿ ಆರು ಮಂದಿ ಅಂಧರು ಸಾಲಾಗಿ ನಡೆದಿದ್ದಾರೆ. ಮುಂದಾಳು ಆಗಲೇ ಹಳ್ಳಕ್ಕೆ ಉರುಳಿದ್ದಾನೆ, ಉಳಿದವರ ಪತನವೂ ಅನಿವಾರ್ಯವೆಂದು ಕಾಣುತ್ತದೆ. ಮುಖಗಳ ಚಿತ್ರಣದಲ್ಲಿ ಬ್ರೂಗೆಲ್ ತೋರಿರುವ ಸೂಕ್ಷ್ಮತೆ ಅಸಾಧಾರಣವಾದುದು. ಆದರೆ ಆ ಚಿತ್ರದ ಮುಂದೆ ನಿಲ್ಲುವವನು ಕಣ್ಣುಳ್ಳವನು. ಒಳಗಿರುವವರಿಗೂ ಹೊರಗೆ ನಿಂತವನಿಗೂ ನಡುವಣ ಅಂತರವೇ ಆ ಚಿತ್ರದ ನೀತಿಗೆ ಆಧಾರ. ಒಳಗಿನವರು ದೃಷ್ಟಾಂತವಾಗಬಲ್ಲರು, ಕರುಣೆಗೆ ಪಾತ್ರರಾಗಬಲ್ಲರು, ಮಾತನಾಡಲಾರರು.

ಈ ವ್ಯವಸ್ಥೆಯನ್ನು ಬುಡಮೇಲು ಮಾಡಲು ಇಪ್ಪತ್ತನೆಯ ಶತಮಾನದ ಕೊನೆಯ ಪಾದದಲ್ಲಿ ಬ್ರಿಟನ್ನಿನ ಅಂಗವಿಕಲ ಕಲಾವಿದರು ಕೈಕೊಂಡ ಪ್ರಯತ್ನವೇ ಈ ಲೇಖನದ ವಸ್ತು. ಅವರು ತಾವೇ ಕಲೆಯ ಕರ್ತೃಗಳಾದುದಲ್ಲದೆ ಪ್ರೇಕ್ಷಕನನ್ನೂ ಅವನ ನಿರಪಾಯವಾದ ಸ್ಥಾನದಿಂದ ಎಬ್ಬಿಸಿ ಕೃತಿಯೊಳಕ್ಕೆ ಕರೆತಂದರು. ಮನುಷ್ಯ ಮನುಷ್ಯರ ನಡುವಣ ತಡೆ ಇರುವುದು ಒಬ್ಬನ ದೇಹದಲ್ಲಿಯೋ ಅಥವಾ ಇಬ್ಬರ ನಡುವೆ ಕಟ್ಟಲ್ಪಟ್ಟ ಗೋಡೆಯಲ್ಲಿಯೋ ಎಂಬುದೇ ಅವರ ಮುಂದಿದ್ದ ಪ್ರಶ್ನೆ.

2

ಇದಕ್ಕೆ ಪೂರ್ವಪೀಠಿಕೆಯಂತಿರುವ ಒಂದು ಪ್ರಸಂಗವನ್ನು ಮೊದಲು ಗಮನಿಸಬೇಕು. ಇಂಗ್ಲೆಂಡಿನ ಉತ್ತರಭಾಗದ ಸಂಡರ್‌ಲೆಂಡ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಅಧಿಕಾರಿಯಾಗಿದ್ದ ಜೆ. ಎ. ಚಾರ್ಲ್‌ಟನ್ ಡೀಸ್ ಅವರು ಅಂಧಮಕ್ಕಳ ಶಾಲೆಯ ವಿದ್ಯಾರ್ಥಿಗಳನ್ನು ಕರೆಸಿ, ಅಲ್ಲಿನ ವಸ್ತುಗಳನ್ನು ಕೈಯಿಂದ ಮುಟ್ಟಿ ಅರಿಯಲು ಅವಕಾಶವಿತ್ತರು. ಇದು ಸಫಲವಾಗಲು, 1913ರಿಂದ ವಯಸ್ಕ ಅಂಧರನ್ನೂ ಆಹ್ವಾನಿಸಲಾಯಿತು. ಮುಟ್ಟಬಾರದೆಂಬುದೇ ಮೊದಲ ನಿಯಮವಾಗಿದ್ದ ಸ್ಥಳದಲ್ಲಿ ಮುಟ್ಟುವುದೇ ವಿದ್ಯೆಯಾದುದು ಸಣ್ಣ ಸಂಗತಿಯಲ್ಲ. ಆದರೂ ಬಾಗಿಲು ತೆರೆದವರು ಕಣ್ಣುಳ್ಳವರು. ಏನನ್ನು, ಎಂದು, ಎಷ್ಟು ಹೊತ್ತು ಮುಟ್ಟಬೇಕೆಂಬುದನ್ನು ನಿರ್ಣಯಿಸಿದವರೂ ಅವರೇ. ಉದಾರವಾದ ಅನುಮತಿ ಹಕ್ಕಲ್ಲವೆಂಬ ಮಾತು ಸ್ಪಷ್ಟವಾಗಿ ಕೇಳಿಬರಲು ಇನ್ನೂ ಅರವತ್ತು ವರ್ಷ ಬೇಕಾಯಿತು.

3

1972ರ ಸೆಪ್ಟೆಂಬರ್ 20ರಂದು ‘ಗಾರ್ಡಿಯನ್’ ಪತ್ರಿಕೆಯಲ್ಲಿ ಪಾಲ್ ಹಂಟ್ ಎಂಬುವರ ಪತ್ರವೊಂದು ಪ್ರಕಟವಾಯಿತು. ಹ್ಯಾಂಪ್‌ಷೈರಿನ ಒಂದು ಆಶ್ರಯಧಾಮದಲ್ಲಿ ವರ್ಷಗಟ್ಟಲೆ ವಾಸಿಸಿದ್ದ ಹಂಟ್, ಅಂಗವಿಕಲರನ್ನು ಸಮಾಜದಿಂದ ಬೇರ್ಪಡಿಸಿಡುವ ಇಂಥ ಧಾಮಗಳ ಪದ್ಧತಿಯ ವಿರುದ್ಧ ಅಂಗವಿಕಲರೇ ಸಂಘಟಿತರಾಗಬೇಕೆಂದು ಕರೆಯಿತ್ತರು. ಇದರಿಂದ ಹುಟ್ಟಿದ ಪ್ರತ್ಯೇಕತಾವಿರೋಧಿ ಒಕ್ಕೂಟವು 1976ರಲ್ಲಿ ಪ್ರಕಟಿಸಿದ ತತ್ತ್ವನಿರೂಪಣೆಯಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿತು. ಕೈಕಾಲುಗಳ ಅಥವಾ ಇಂದ್ರಿಯಗಳ ಊನವೆಂಬುದು ಒಂದು. ಆ ಊನವುಳ್ಳವರ ಮೇಲೆ ಸಮಾಜವು ಹೊರಿಸುವ ನಿರ್ಬಂಧವೆಂಬುದು ಇನ್ನೊಂದು. ಕಾಲು ನಡೆಯದಿರುವುದು ಊನ. ಕಚೇರಿಗೆ ಮೆಟ್ಟಿಲು ಮಾತ್ರವೇ ಇರುವುದು ನಿರ್ಬಂಧ. ಅಂಗವೈಕಲ್ಯವೆಂದು ಕರೆಯಬೇಕಾದುದು ಎರಡನೆಯದನ್ನೇ ಎಂಬುದು ಅವರ ವಾದ. ಮೈಕ್ ಆಲಿವರ್ ಅವರು 1983ರಲ್ಲಿ ಇದಕ್ಕೆ ‘ಸಾಮಾಜಿಕ ಮಾದರಿ’ ಎಂಬ ಹೆಸರಿಟ್ಟರು.

ಈ ತತ್ತ್ವಕ್ಕೆ ಕಥಾರೂಪವನ್ನು ಕೊಟ್ಟವರು ವಿಕ್ ಫಿಂಕೆಲ್‌ಸ್ಟೈನ್. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಇವರು ವರ್ಣಭೇದ ನೀತಿಯನ್ನು ವಿರೋಧಿಸಿ ಸೆರೆವಾಸವನ್ನನುಭವಿಸಿ, 1968ರಲ್ಲಿ ಬ್ರಿಟನ್ನಿಗೆ ಬಂದವರು. ಬೇರ್ಪಡಿಸುವ ಬಾಗಿಲುಗಳನ್ನು ಒಂದು ನಾಡಿನಲ್ಲಿ ಕಂಡಿದ್ದವರಿಗೆ ಇನ್ನೊಂದು ನಾಡಿನ ಬಾಗಿಲುಗಳ ಅರ್ಥ ಹೊಳೆದುದು ಸಹಜವೇ. 1970ರ ದಶಕದಲ್ಲಿ ಇವರು ಹೇಳಿದ ಕಥೆಯ ಸಾರ ಹೀಗಿದೆ: ಗಾಲಿಕುರ್ಚಿಯವರೇ ನೆಲಸಿ ಕಟ್ಟಿಕೊಂಡ ಒಂದು ಹಳ್ಳಿ. ಎತ್ತರದ ಅಗತ್ಯವಿಲ್ಲದುದರಿಂದ ಮನೆಗಳ ಚಾವಣಿಯನ್ನೂ ಬಾಗಿಲುಗಳನ್ನೂ ತಗ್ಗಿಸಲಾಗಿದೆ. ಅಲ್ಲಿಗೆ ಬಂದು ಸೇರಿದ ಕೆಲವರು ನಡೆಯಬಲ್ಲವರು ದಿನವೂ ಬಾಗಿಲ ಮೇಲಡ್ಡಕ್ಕೆ ಹಣೆ ಬಡಿಸಿಕೊಳ್ಳುತ್ತಾರೆ. ಹಳ್ಳಿಯ ವೈದ್ಯರು ಇದನ್ನೊಂದು ರೋಗವೆಂದು ಬಗೆದು ಶಿರಸ್ತ್ರಾಣಗಳನ್ನೂ ಬೆನ್ನು ಬಾಗಿಸುವ ಪಟ್ಟಿಗಳನ್ನೂ ವಿಧಿಸುತ್ತಾರೆ. ಇವರಿಗೆ ಕೆಲಸ ಸಿಕ್ಕುವುದಿಲ್ಲ. ಇವರ ಸಹಾಯಾರ್ಥವಾಗಿ ದಾನಸಂಸ್ಥೆಗಳು ಏರ್ಪಡುತ್ತವೆ. ಚಿಲ್ಲರೆ ಹಾಕಲು ಅಂಗಡಿಗಳಲ್ಲಿ ಪುಟ್ಟ ಶಿರಸ್ತ್ರಾಣಗಳನ್ನು ಬೋರಲಾಗಿಸಿ ಇಡುತ್ತಾರೆ. ಬಾಗಿಲನ್ನೇ ಎತ್ತರಿಸಬಾರದೇಕೆಂಬ ಯೋಚನೆ ಬಹುಕಾಲ ಯಾರಿಗೂ ಬರುವುದಿಲ್ಲ. ಕೊನೆಗೆ ಅದು ಬರುವುದು ಹಣೆ ಬಡಿಸಿಕೊಂಡವರಿಗೇ.

ನಡೆಯಬಲ್ಲ ಓದುಗನು ಇಲ್ಲಿ ಹೊರಗೆ ನಿಂತು ಮರುಗಲಾರನು. ಪೆಟ್ಟು ತಿಂದ ಹಣೆ ಅವನದೇ. ಮುಂದೆ ಚಳವಳಿಯ ಕಲೆಯೆಲ್ಲ ಅನುಸರಿಸಿದ ಮಾರ್ಗದ ಬೀಜ ಈ ಪಾತ್ರವಿಪರ್ಯಯದಲ್ಲಿದೆಯೆಂದು ನಾವು ತಿಳಿಯುತ್ತೇವೆ.

4

1980ರಲ್ಲಿ ನಬೀಲ್ ಶಬಾನ್ ಮತ್ತು ರಿಚರ್ಡ್ ಟಾಮ್ಲಿನ್‌ಸನ್ ಅವರು ಅಂಗವಿಕಲ ನಟರ ‘ಗ್ರೇಐ’ ನಾಟಕ ಮಂಡಲಿಯನ್ನು ಸ್ಥಾಪಿಸಿದರು. ಒಂದೇ ಕಣ್ಣನ್ನೂ ಒಂದೇ ಹಲ್ಲನ್ನೂ ತಮ್ಮೊಳಗೆ ಹಂಚಿಕೊಂಡು ಬಾಳುವ ಗ್ರೀಕ್ ಪುರಾಣದ ಸೋದರಿಯರ ಹೆಸರಿದು. 1986ರಲ್ಲಿ ಲಂಡನ್ ಅಂಗವಿಕಲ ಕಲಾವೇದಿಕೆ ಹುಟ್ಟಿತು. 1991ರಲ್ಲಿ ಸೆಲೆಸ್ಟ್ ಡ್ಯಾಂಡೆಕರ್ ಮತ್ತು ಆಡಮ್ ಬೆಂಜಮಿನ್ ‘ಕ್ಯಾಂಡೊಕೊ’ ನೃತ್ಯತಂಡವನ್ನು ಕಟ್ಟಿದರು. ಡ್ಯಾಂಡೆಕರ್ ಅವರು 1973ರಲ್ಲಿ ರಂಗದ ಮೇಲೆಯೇ ಬಿದ್ದು ಬೆನ್ನುಹುರಿಗೆ ಪೆಟ್ಟಾದ ವೃತ್ತಿಪರ ನರ್ತಕಿ. ಈ ತಂಡದಲ್ಲಿ ಗಾಲಿಕುರ್ಚಿಯ ನರ್ತಕರೂ ನಿಂತು ಕುಣಿಯುವವರೂ ಒಂದೇ ರಂಗದಲ್ಲಿ ಸಮಾನರಾಗಿ ನರ್ತಿಸಿದರು. ಯಾರು ಯಾರಿಗೆ ಆಸರೆಯೆಂದು ಹೇಳುವುದು ಪ್ರೇಕ್ಷಕನಿಗೆ ಸುಲಭವಾಗಲಿಲ್ಲ.

ಆದರೆ ಚಳವಳಿಯ ಕಲೆಗೆ ತೀಕ್ಷ್ಣತೆಯನ್ನು ತಂದುದು ದೂರದರ್ಶನದ ಒಂದು ದಾನಕಾರ್ಯಕ್ರಮ. 1988, 1990 ಮತ್ತು 1992ರಲ್ಲಿ ಬ್ರಿಟನ್ನಿನ ಖಾಸಗಿ ದೂರದರ್ಶನವು 27 ಗಂಟೆಗಳ ಕಾಲ ನಿರಂತರವಾಗಿ ‘ಟೆಲಿಥಾನ್’ ಎಂಬ ಪ್ರಸಾರವನ್ನು ನಡೆಸಿ ಹಣ ಕೂಡಿಸಿತು. ಹಣ ಬರಬೇಕಾದರೆ ನೋಡುಗರ ಕಣ್ಣೀರು ಬರಬೇಕು. ಕಣ್ಣೀರು ಬರಬೇಕಾದರೆ ಅಂಗವಿಕಲರು ದೀನರಾಗಿ ಕಾಣಬೇಕು. ಈ ತರ್ಕವನ್ನು ಪ್ರತಿಭಟಿಸಿ ಅಲನ್ ಹೋಲ್ಡ್ಸ್‌ವರ್ತ್, ಬಾರ್ಬರಾ ಲಿಸಿಕಿ ಮೊದಲಾದವರ ಮುಂದಾಳುತನದಲ್ಲಿ 1990ರಲ್ಲಿಯೂ, ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ 1992ರಲ್ಲಿಯೂ ಅಂಗವಿಕಲರು ಲಂಡನ್ನಿನ ದೂರದರ್ಶನ ಕಟ್ಟಡದ ಮುಂದೆ ನೆರೆದರು. 1992ರ ತರುವಾಯ ಆ ಪ್ರಸಾರ ಮತ್ತೆ ನಡೆಯಲಿಲ್ಲ.

ಇದೇ ಸಂದರ್ಭದಲ್ಲಿ ಶಿಲ್ಪಿ ಟೋನಿ ಹೀಟನ್ 1,760 ದಾನದ ಡಬ್ಬಿಗಳನ್ನು ಗೋಪುರಾಕಾರವಾಗಿ ಪೇರಿಸಿ, ಕೃತಕ ಕಾಲೊಂದನ್ನು ಬೀಸಿ ಎಸೆದು ಅದನ್ನು ಕೆಡವಿದರು. ಫಿಂಕೆಲ್‌ಸ್ಟೈನರ ಕಥೆಯ ಬೋರಲು ಶಿರಸ್ತ್ರಾಣಗಳು ಇಲ್ಲಿ ನಿಜವಾದ ಡಬ್ಬಿಗಳಾಗಿ ಬಂದಿವೆಯೆಂಬುದು ಗಮನಾರ್ಹ. ಅಂಥ ಡಬ್ಬಿಗೆ ಎಂದಾದರೂ ಕಾಸು ಹಾಕದ ಪ್ರೇಕ್ಷಕನು ವಿರಳ. ಆದುದರಿಂದ ಉರುಳಿದ ಗೋಪುರದಲ್ಲಿ ಅವನ ಪಾಲೂ ಉಂಟು. ಹೀಟನ್ 1994ರಲ್ಲಿ ಸರ್ಕಾರಿ ಆರೋಗ್ಯ ಇಲಾಖೆಯ ಎರಡು ಗಾಲಿಕುರ್ಚಿಗಳ ಭಾಗಗಳಿಂದಲೇ ಬ್ರಿಟನ್ನಿನ ಭೂಪಟವನ್ನು ರಚಿಸಿದರು. 2004ರಲ್ಲಿ ಕ್ಯಾರೊಲಿನ್ ಕಾರ್ಡಸ್ ಅವರು ಮಿಲ್ಟನ್ ಕೀನ್ಸ್ ಪಟ್ಟಣದ ಅಂಗವಿಕಲರೊಡನೆ ಸಮಾಲೋಚಿಸಿ, ಅವರು ನಿತ್ಯವೂ ಎದುರಿಸುವ ಅಡ್ಡಿಗಳನ್ನು ರಸ್ತೆಯ ಸೂಚನಾಫಲಕಗಳ ಭಾಷೆಗೆ ತಿರುಗಿಸಿದರು. ರಸ್ತೆಯ ಫಲಕವು ಆಜ್ಞೆ ಮಾಡುವ ವಸ್ತು. ಅದನ್ನು ಪಾಲಿಸಿ ಅಭ್ಯಾಸವಾದವನು ಈ ಫಲಕಗಳ ಮುಂದೆಯೂ ಒಂದು ಕ್ಷಣ ನಿಲ್ಲಲೇಬೇಕಾಗುತ್ತದೆ.

5

ಈ ಚಳವಳಿಯ ರಾಜಕೀಯ ಫಲವೇನು? 1993ರಿಂದ ಪ್ರತಿಭಟನೆಗಳು ತೀವ್ರವಾದವು; ತಾವು ಏರಲಾಗದ ಬಸ್ಸುಗಳಿಗೆ ಅಂಗವಿಕಲರು ತಮ್ಮನ್ನು ಸಂಕೋಲೆಗಳಿಂದ ಬಿಗಿದುಕೊಂಡರು. 1994ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯೊಂದು ಪಾರ್ಲಿಮೆಂಟಿನಲ್ಲಿ ಕಾಲಹರಣಕ್ಕೆ ಬಲಿಯಾಯಿತು. ಮರುವರ್ಷ, 1995ರಲ್ಲಿ, ಅಂಗವಿಕಲರ ವಿರುದ್ಧ ತಾರತಮ್ಯವನ್ನು ನಿಷೇಧಿಸುವ ಕಾಯಿದೆ ಅಂಗೀಕೃತವಾಯಿತು. ಅದು ದುರ್ಬಲವೆಂದು ಚಳವಳಿಗಾರರೇ ಟೀಕಿಸಿದರು. 2010ರ ಸಮಾನತಾ ಕಾಯಿದೆ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ಗಳಲ್ಲಿ ಅದರ ಸ್ಥಾನವನ್ನು ಪಡೆಯಿತು. ಕಲೆಯೇ ಈ ಕಾಯಿದೆಗಳನ್ನು ತಂದಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ದಾನವನ್ನು ಸ್ವೀಕರಿಸುವವರು ಎಂಬ ಬಿಂಬವನ್ನು ಒಡೆಯದೆ ಹಕ್ಕನ್ನು ಕೇಳುವವರು ಎಂಬ ಬಿಂಬವನ್ನು ನಿಲ್ಲಿಸುವುದು ಸಾಧ್ಯವಿರಲಿಲ್ಲ. ಒಡೆಯುವ ಕೆಲಸದಲ್ಲಿ ಕಲೆಗೆ ದೊಡ್ಡ ಪಾಲಿತ್ತೆಂಬುದು ನಿರ್ವಿವಾದ.

6

ಕಲೆಯ ಕಾರ್ಯ ಇಷ್ಟಕ್ಕೇ ಮುಗಿದಿದ್ದರೆ ಅದನ್ನು ಘೋಷಣೆಯ ಸಚಿತ್ರ ರೂಪವೆಂದು ಬದಿಗಿಡಬಹುದಾಗಿತ್ತು. ಹಾಗಲ್ಲವೆಂಬುದಕ್ಕೆ ಲಿಜ್ ಕ್ರೋ ಅವರ ಕೃತಿ ನಿದರ್ಶನ. ತಡೆಯೆಲ್ಲವೂ ಸಮಾಜದಲ್ಲಿಯೇ ಇದೆಯೆಂಬ ವಾದವು ನೋವು, ಬಳಲಿಕೆ ಮೊದಲಾದ ದೇಹದ ಅನುಭವಗಳನ್ನು ಮಾತಿಗೆ ನಿಲುಕದಂತೆ ಮಾಡಿತೆಂದು ಕ್ರೋ 1996ರ ಪ್ರಬಂಧವೊಂದರಲ್ಲಿ ಚಳವಳಿಯ ಒಳಗಿನಿಂದಲೇ ಆಕ್ಷೇಪವೆತ್ತಿದ್ದರು. ಮೆಟ್ಟಿಲುಗಳನ್ನೆಲ್ಲ ಕಿತ್ತರೂ ಉಳಿಯುವ ನೋವೊಂದಿದೆ. ಅದನ್ನು ಹೇಳಿದರೆ ಎದುರಾಳಿಗೆ ಅಸ್ತ್ರವನ್ನು ಒದಗಿಸಿದಂತಾಗುವುದೆಂಬ ಭಯದಿಂದ ಹಲವರು ಮೌನವಾಗಿದ್ದರು.

ಈ ಮೌನವನ್ನೇ ಅವರು ‘ಬೆಡ್ಡಿಂಗ್ ಔಟ್’ ಎಂಬ ಪ್ರಯೋಗದ ವಸ್ತುವನ್ನಾಗಿ ಮಾಡಿಕೊಂಡರು. ಅಂಗವಿಕಲರ ಭತ್ಯೆಗಳನ್ನು ಸರ್ಕಾರವು ಕಡಿತಗೊಳಿಸುತ್ತಿದ್ದ ಕಾಲವದು. ಹೊರಗೆ ಗಾಲಿಕುರ್ಚಿಯಲ್ಲಿ ಚಟುವಟಿಕೆಯಿಂದ ಕಾಣುವ ತಮ್ಮ ಬಾಳಿನ ಬಹುಭಾಗ ಹಾಸಿಗೆಯಲ್ಲಿಯೇ ಕಳೆಯುತ್ತದೆಂಬುದನ್ನು ಅವರು ಅದುವರೆಗೆ ಮರೆಮಾಡಿದ್ದರು. 2013ರ ಏಪ್ರಿಲ್‌ನಲ್ಲಿ ಸಾಲ್ಸ್‌ಬರಿ ಕಲಾಕೇಂದ್ರದಲ್ಲಿ ಹಾಸಿಗೆ ಹಾಸಿ, 48 ಗಂಟೆಗಳ ಕಾಲ ಎಲ್ಲರೆದುರಿಗೆ ಅದರಲ್ಲಿ ಮಲಗಿದರು. ಇಷ್ಟೇ ಆಗಿದ್ದರೆ ಬ್ರೂಗೆಲ್ಲನ ಚಿತ್ರದ ಮುಂದೆ ನಿಂತ ಪ್ರೇಕ್ಷಕನೇ ಇಲ್ಲಿಯೂ ನಿಂತಿರುತ್ತಿದ್ದನು. ಆದರೆ ಗೊತ್ತಾದ ವೇಳೆಗಳಲ್ಲಿ ಪ್ರೇಕ್ಷಕರು ಹಾಸಿಗೆಯ ಸುತ್ತ ಕುಳಿತು ಕಲಾವಿದೆಯೊಡನೆ ಸಂಭಾಷಿಸುವುದು ಕೃತಿಯ ಅಂಗವೇ ಆಗಿತ್ತು. ದೂರದಲ್ಲಿದ್ದವರು, ಸ್ವತಃ ಹಾಸಿಗೆ ಹಿಡಿದವರೂ ಸಹ, ಅಂತರ್ಜಾಲದ ಮೂಲಕ ಭಾಗವಹಿಸಬಹುದಾಗಿತ್ತು. ಮಂಚದ ಬಳಿ ಕುಳಿತವನು ಪ್ರೇಕ್ಷಕನೆಂಬುದಕ್ಕಿಂತ ಮನೆಗೆ ಬಂದ ಅತಿಥಿ. ಅತಿಥಿಯಾದವನು ದಿಟ್ಟಿಸಿ ನೋಡಿ ಹೊರಟುಹೋಗಲಾರನು. ಮಾತಿಗೆ ಮಾತು ಕೊಡಬೇಕಾಗುತ್ತದೆ.

7

ಸಂಡರ್‌ಲೆಂಡಿನಿಂದ ಸಾಲ್ಸ್‌ಬರಿಯವರೆಗಿನ ಈ ನೂರು ವರ್ಷಗಳಲ್ಲಿ ಆದ ಪರಿವರ್ತನೆಯನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮೊದಲು ತಡೆಯನ್ನು ಅಂಗವಿಕಲನ ದೇಹದಲ್ಲಿ ಕಂಡರು. ಅನಂತರ ಸಮಾಜದ ಕಟ್ಟಡಗಳಲ್ಲಿಯೂ ಕಾನೂನುಗಳಲ್ಲಿಯೂ ಕಂಡರು. ಕೊನೆಗೆ, ದೇಹದ ನಿಜವನ್ನು ಅಲ್ಲಗಳೆಯದೆ, ಇಬ್ಬರು ಪರಸ್ಪರ ಮುಖಾಮುಖಿಯಾಗುವ ಬಗೆಯಲ್ಲಿ ಕಂಡರು. ಎರಡನೆಯ ಹೆಜ್ಜೆಯನ್ನು ಇಟ್ಟವರು ಮುಖ್ಯವಾಗಿ ರಾಜಕೀಯ ಚಿಂತಕರು. ಮೂರನೆಯದು ಕಲೆಗೆ ಹೆಚ್ಚು ಸಹಜವಾದುದು. ಏಕೆಂದರೆ ಕಾಯಿದೆಯು ಬಾಗಿಲನ್ನು ಅಗಲಿಸಬಲ್ಲುದೇ ಹೊರತು, ಒಳಗೆ ಬಂದವನೊಡನೆ ಹೇಗೆ ಮಾತನಾಡಬೇಕೆಂಬುದನ್ನು ಕಲಿಸಲಾರದು.

ಈ ಚಳವಳಿಯ ಕೃತಿಗಳನ್ನೂ ದಾಖಲೆಗಳನ್ನೂ ಕೂಡಿಸಿದ ರಾಷ್ಟ್ರೀಯ ಸಂಗ್ರಹವೊಂದು 2019ರಲ್ಲಿ ಹೈ ವೈಕಂಬ್ ಪಟ್ಟಣದ ಬಕಿಂಗ್‌ಹ್ಯಾಮ್‌ಷೈರ್ ನ್ಯೂ ವಿಶ್ವವಿದ್ಯಾನಿಲಯದಲ್ಲಿ ತೆರೆಯಿತು. ಶಾಸನ, ಕಡತ, ವರದಿಗಳನ್ನೇ ಆಧಾರವೆಂದು ಬಗೆಯುವ ಇತಿಹಾಸಾಭ್ಯಾಸಿಗಳಿಗೆ ಇದರಿಂದ ಪಾಠವುಂಟು. ದಾನ ಕೊಟ್ಟವರ ಕಡತಗಳಲ್ಲಿ ಕೊಟ್ಟವರ ಲೆಕ್ಕವಿರುತ್ತದೆ. ಪಡೆದವರ ಮನಸ್ಸು ದೊರೆಯುವುದು ಉರುಳಿದ ಡಬ್ಬಿಯಲ್ಲಿ, ಬಣ್ಣ ಬಳಿದ ಫಲಕದಲ್ಲಿ, ಜನರ ನಡುವೆ ಹಾಸಿದ ಹಾಸಿಗೆಯಲ್ಲಿ. ಇವುಗಳನ್ನೂ ಓದಲು ಕಲಿತಾಗಲೇ ನಮ್ಮ ಇತಿಹಾಸವು ಚಿತ್ರದೊಳಗಿನವರ ಮಾತನ್ನೂ ಒಳಗೊಳ್ಳುತ್ತದೆ.