ಶರಾವತಿ ಕಣಿವೆ: ಮೆಣಸಿನ ದಾರಿಯಿಂದ ಹಿನ್ನೀರಿನ ದಡದವರೆಗೆ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಮತ್ತು ಸಾಗರ ಸೀಮೆಗಳನ್ನು ಹಾಯ್ದು, ಘಟ್ಟದ ಅಂಚಿನಲ್ಲಿ ಜೋಗದ ಕಮರಿಗೆ ಧುಮುಕಿ, ಹೊನ್ನಾವರದ ಬಳಿ ಅರಬ್ಬಿ ಸಮುದ್ರವನ್ನು ಸೇರುವ ಶರಾವತಿಯ ಉದ್ದ ಸುಮಾರು 130 ಕಿಲೋಮೀಟರುಗಳಷ್ಟೇ. ಉದ್ದದಲ್ಲಿ ಚಿಕ್ಕದಾದರೂ ಈ ಹೊಳೆಯ ಪಾತ್ರದಲ್ಲಿ ಮಲೆನಾಡಿನ ಗದ್ದೆಬಯಲು, ಘಟ್ಟದ ನಿತ್ಯಹರಿದ್ವರ್ಣದ ಕಾಡು, ಕರಾವಳಿಯ ಅಳಿವೆ ಮೂರೂ ಒಂದರ ಬೆನ್ನಿಗೊಂದು ಬರುತ್ತವೆ. ಜಲಪಾತ, ಹಿನ್ನೀರು, ನಡುಗಡ್ಡೆ, ಕಾಡುಕೋಟೆ ಎಂದು ಇಂದಿನ ಪ್ರವಾಸಿ ಅರಸಿ ಬರುವ ತಾಣಗಳನ್ನು ಪ್ರಕೃತಿಯ ಕೊಡುಗೆಯೆಂದೇ ವರ್ಣಿಸುವುದು ರೂಢಿಯಾಗಿದ್ದರೂ, ಅವುಗಳಲ್ಲಿ ಹೆಚ್ಚಿನವನ್ನು ಈಗಿನ ರೂಪಕ್ಕೆ ತಂದದ್ದು ಮೆಣಸಿನ ವ್ಯಾಪಾರ, ರಾಜ್ಯಗಳ ಗಡಿ ಮತ್ತು ವಿದ್ಯುತ್ ಯೋಜನೆಗಳು. ಆದ್ದರಿಂದ ಈ ಕಣಿವೆಯ ವಿಹಾರದ ಇತಿಹಾಸವನ್ನು ಅಲ್ಲಿಯ ಬದುಕಿನ ಇತಿಹಾಸದಿಂದ ಬಿಡಿಸಿ ಬರೆಯಲು ಬರುವುದಿಲ್ಲ.

ಮೊದಲಿಗೆ ಈ ಹೊಳೆ ಒಂದು ಸಾಗಾಟದ ದಾರಿಯಾಗಿತ್ತು. ಅಳಿವೆಯಿಂದ ಗೇರುಸೊಪ್ಪೆಯವರೆಗೆ, ಅಂದರೆ ಸುಮಾರು 30 ಕಿಲೋಮೀಟರುಗಳಷ್ಟು ದೂರ, ದೋಣಿಗಳು ನಿರಾತಂಕವಾಗಿ ಸಾಗಬಹುದಾಗಿದ್ದುದರಿಂದ, ಘಟ್ಟದ ಮೇಲಿನ ಸರಕು ಹೇರೆತ್ತುಗಳ ಬೆನ್ನಿನಿಂದ ಇಳಿದು ನೀರಿಗೆ ಸೇರುವ ಜಾಗದಲ್ಲಿ ಗೇರುಸೊಪ್ಪೆಯ ಪಟ್ಟಣ ಬೆಳೆಯಿತು. ಅದನ್ನು ಆಳಿದ ಸಾಳುವ ಮನೆತನದವರು ಜೈನಧರ್ಮಾವಲಂಬಿಗಳು. ನಗರಬಸ್ತಿಕೇರಿಯಲ್ಲಿ ಇಂದಿಗೂ ನಿಂತಿರುವ ಚತುರ್ಮುಖ ಬಸದಿ, ಅಂದರೆ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಜಿನಾಲಯ, ಆ ಪಟ್ಟಣದ ಸಿರಿಗೆ ಉಳಿದಿರುವ ಸಾಕ್ಷಿಗಳಲ್ಲಿ ಮುಖ್ಯವಾದುದು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದೇ ಕರೆಯುತ್ತಿದ್ದರು. 1569ರಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈ ಸೇರಿದ ಮೇಲೂ ಮೆಣಸು ಬೆಳೆಯುವ ಕಾಡು ಮತ್ತು ಅದು ಇಳಿದು ಬರುವ ಘಟ್ಟದ ದಾರಿಗಳು ಅವಳ ಹಿಡಿತದಲ್ಲೇ ಇದ್ದವು. ಕಡಲು ಯಾರದಾದರೂ ಸರಕಿಗಾಗಿ ಅವಳೊಡನೆ ವ್ಯವಹರಿಸುವುದು ಅನಿವಾರ್ಯವಾಗಿತ್ತು.

ಆ ಮೆಣಸು ಎಲ್ಲಿ ಬೆಳೆಯುತ್ತಿತ್ತೆಂಬುದನ್ನು ತಿಳಿಯದೆ ಈ ಕಣಿವೆಯ ಕಾಡನ್ನು ಅರ್ಥಮಾಡಿಕೊಳ್ಳಲಾಗದು. ಅಡಿಕೆ ತೋಟಗಳಲ್ಲಿ ಮರಕ್ಕೆ ಹಬ್ಬಿಸಿದ ಬಳ್ಳಿಗಳ ಜೊತೆಗೆ, ಊರಿನವರು ತಲೆಮಾರುಗಳಿಂದ ಕಡಿಯದೆ ಕಾಯ್ದುಕೊಂಡು ಬಂದ ‘ಕಾನು’ಗಳಲ್ಲಿಯೂ ಮೆಣಸಿನ ಬಳ್ಳಿ ಹಬ್ಬುತ್ತಿತ್ತು. ಕಾನು ಎಂದರೆ ದಟ್ಟ ನೆರಳಿನ, ವರ್ಷವಿಡೀ ಹಸಿರಾಗಿರುವ, ಒಳಗೆ ನೀರಿನ ಒರತೆಯನ್ನೂ ದೈವದ ಬನವನ್ನೂ ಇರಿಸಿಕೊಂಡಿರುವ ಕಾಡು; ಅದು ಊರಿಗೆ ನೀರು ಕೊಡುತ್ತಿತ್ತು, ಮೆಣಸು ಕೊಡುತ್ತಿತ್ತು, ಆದ್ದರಿಂದಲೇ ಉಳಿದಿತ್ತು. ಗೊನೆಯ ತುದಿಯಲ್ಲಿ ಒಂದೆರಡು ಕಾಳು ಕೆಂಪಾಗುತ್ತಲೇ ಇಡೀ ಗೊನೆಯನ್ನು ಕೊಯ್ದು, ಕಾಳು ಬಿಡಿಸಿ, ಅಂಗಳದ ಬಿಸಿಲಿನಲ್ಲಿ ಹರಡಿ, ಸಿಪ್ಪೆ ಸುಕ್ಕುಗಟ್ಟಿ ಕಪ್ಪಾಗುವವರೆಗೆ ಒಣಗಿಸುವ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಸಿದ್ದಾಪುರ ತಾಲ್ಲೂಕಿನ ಮಲೆಮನೆ ಸಮೀಪದ ಕತ್ತಲೆಕಾನು ಈ ಬಗೆಯ ಕಾಡಿನ ಹೆಸರುವಾಸಿಯಾದ ಉದಾಹರಣೆ. ಅಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗುಗಳಿವೆ. ಸದಾ ನೀರು ನಿಲ್ಲುವ ನೆಲದಲ್ಲಿ ಬೇರುಗಳಿಗೆ ಗಾಳಿ ದೊರೆಯದ ಕಾರಣ, ಅವು ಮಂಡಿ ಮಡಚಿದಂತೆ ಕೆಸರಿನಿಂದ ಮೇಲೆದ್ದು, ಉಸಿರಾಡಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಘಟ್ಟದ ರಸ್ತೆಯಲ್ಲಿ ಜಲಪಾತದತ್ತ ಧಾವಿಸುವ ವಾಹನಗಳಲ್ಲಿ ಬಹುಪಾಲು ಈ ಅಪರೂಪದ ಕಾಡಿನ ಮಗ್ಗುಲಿನಿಂದಲೇ ನಿಲ್ಲದೆ ಹಾಯುತ್ತವೆ ಎಂಬುದು ಖೇದದ ಸಂಗತಿ.

ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ಕೆಳದಿಯ ವೆಂಕಟಪ್ಪ ನಾಯಕನು ಗೇರುಸೊಪ್ಪೆಯನ್ನು ಗೆದ್ದುಕೊಂಡ ಮೇಲೆ ಪಟ್ಟಣ ಬೇಗನೆ ಕಳೆಗುಂದಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯು ಆ ನಾಯಕರ ರಾಜಧಾನಿಯಾದ ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದಾಗ, ಒಂದು ಕಾಲದ ದೊಡ್ಡ ಪಟ್ಟಣದ ಮೇಲೆ ಮರಗಿಡಗಳು ಬೆಳೆದಿದ್ದುದನ್ನು ಕಂಡು ದಾಖಲಿಸಿದನು. ಹೊಳೆಯ ಚೆಲುವನ್ನು ಮನಸಾರೆ ಮೆಚ್ಚಿದ ಆತ ಅಲ್ಲಿಂದ ಘಟ್ಟ ಹತ್ತಿ ಹೋದ ದಾರಿಯ ಕಾಡನ್ನೂ, ತಂಗಿದ ಊರುಗಳನ್ನೂ ವಿವರವಾಗಿ ಬರೆದಿದ್ದಾನೆ. ಆ ಪ್ರಯಾಣದಲ್ಲಿ ದೇವಾಲಯವೊಂದರ ಮೊಗಸಾಲೆಯಲ್ಲಿ ಕೆಲವು ಹುಡುಗರು ನೆಲದ ಮೇಲೆ ನುಣುಪಾದ ಮರಳು ಹರಡಿ, ಲೆಕ್ಕದ ಪಾಠವನ್ನು ಒಂದೇ ರಾಗದಲ್ಲಿ ಹಾಡುತ್ತ, ಹಾಡಿದ್ದನ್ನು ಬೆರಳಿನಿಂದ ಮರಳಿನಲ್ಲಿ ಬರೆಯುತ್ತ ಕಲಿಯುತ್ತಿದ್ದುದನ್ನು ಅವನು ಆಸಕ್ತಿಯಿಂದ ನಿಂತು ನೋಡಿದನು; ಮಗ್ಗಿಯನ್ನು ರಾಗವಾಗಿ ಒಪ್ಪಿಸುತ್ತಿದ್ದ ಮಲೆನಾಡಿನ ಕೂಲಿಮಠಗಳ ಪದ್ಧತಿಗೆ ಇಷ್ಟು ಹಳೆಯ ಮತ್ತು ಇಷ್ಟು ಸ್ಪಷ್ಟವಾದ ಚಿತ್ರ ಬೇರೆಡೆ ದೊರೆಯುವುದು ಕಷ್ಟ. ಅವನ ಬರವಣಿಗೆಯಲ್ಲಿ ಜಲಪಾತದ ವರ್ಣನೆ ಇಲ್ಲ. ಹೇರೆತ್ತಿನ ದಾರಿಗಳು ಸಾಗುವುದು ಏರು ಸುಲಭವಾಗಿರುವ ಕಡೆಯಲ್ಲಿ. ಹೊಳೆಯೇ ಬಂಡೆಯಿಂದ ಕೆಳಗೆ ಬೀಳುವ ಕಮರಿಯತ್ತ ವ್ಯಾಪಾರಿಗೂ ರಾಯಭಾರಿಗೂ ಕೆಲಸವಿರಲಿಲ್ಲ.

ಜಲಪಾತವನ್ನೇ ಗುರಿಯಾಗಿಸಿಕೊಂಡು ದೂರದಿಂದ ಬರುವ ಪರಿಪಾಠ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಗ ಹೊಳೆಯ ಒಂದು ದಡ ಮೈಸೂರು ಸಂಸ್ಥಾನಕ್ಕೂ, ಇನ್ನೊಂದು ದಡ ಬ್ರಿಟಿಷರ ನೇರ ಆಡಳಿತದ ಉತ್ತರ ಕನ್ನಡಕ್ಕೂ ಸೇರಿತ್ತು. ಆ ಜಿಲ್ಲೆಯನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬೊಂಬಾಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. ಇಂಗ್ಲಿಷರ ದಾಖಲೆಗಳಲ್ಲಿ ಗೇರುಸೊಪ್ಪೆಯ ಜಲಪಾತವೆಂದು ಹೆಸರಾದ ಜೋಗದ ಜಲಪಾತದ ಆಳವನ್ನು 1856ರಲ್ಲಿ ನೌಕಾದಳದ ಅಧಿಕಾರಿಗಳು ಅಳೆದು 830 ಅಡಿ, ಅಂದರೆ ಸುಮಾರು 253 ಮೀಟರ್ ಎಂದು ನಿಗದಿಪಡಿಸಿದರು. ಅದರ ನಾಲ್ಕು ಧಾರೆಗಳಲ್ಲಿ ರಾಜಾ ಬಂಡೆಯನ್ನು ಮುಟ್ಟದೆ ನೇರವಾಗಿ ಕೆಳಗಿನ ಮಡುವಿಗೆ ಬೀಳುತ್ತದೆ. ರೋರರ್ ಬಂಡೆಯ ಸಂದಿನಲ್ಲಿ ಮೊರೆಯುತ್ತ ಇಳಿದು ರಾಜಾ ಬೀಳುವ ಕಡೆಗೇ ತಿರುಗುತ್ತದೆ. ರಾಕೆಟ್ ಮೆಟ್ಟಿಲು ಮೆಟ್ಟಿಲಾಗಿ ಚಿಮ್ಮುತ್ತದೆ. ರಾಣಿ ಬಂಡೆಯ ಮೈಮೇಲೆ ಬೆಳ್ಳನೆಯ ನೊರೆಯಾಗಿ ಜಾರುತ್ತದೆ. ಎರಡು ದಡಗಳಲ್ಲಿಯೂ ಎರಡು ಸರ್ಕಾರಗಳ ಪ್ರವಾಸಿ ಬಂಗಲೆಗಳು ಎದ್ದು ನಿಂತವು, ಮತ್ತು ಅವು ಒಂದೇ ಜಲಪಾತದ ಎರಡು ನೋಟಗಳನ್ನು ಕೊಟ್ಟವು. ಮೈಸೂರಿನ ಕಡೆಯಿಂದ ನಾಲ್ಕು ಧಾರೆಗಳೂ ಎದುರಿಗೆ ಒಟ್ಟಾಗಿ ಕಾಣುತ್ತಿದ್ದವು. ಬೊಂಬಾಯಿಯ ಕಡೆಯಲ್ಲಿ ಕಮರಿಯ ಮೇಲೆ ಚಾಚಿದ ಬಂಡೆಯ ಮೇಲೆ ಬೋರಲಾಗಿ ಮಲಗಿ, ತಲೆಯನ್ನಷ್ಟೇ ಅಂಚಿನಾಚೆ ಇಟ್ಟು, ರಾಜಾ ಧಾರೆಯ ಬುಡದವರೆಗೆ ಇಣುಕುವುದು ವಾಡಿಕೆಯಾಗಿತ್ತು.

ಕರಾವಳಿಯಿಂದ ಬರುವವರು ಹೊನ್ನಾವರದಲ್ಲಿ ದೋಣಿ ಹತ್ತಿ, ಗೇರುಸೊಪ್ಪೆಯಲ್ಲಿ ಇಳಿದು, ಮಲೆಮನೆ ಘಟ್ಟವನ್ನು ಏರಿ ಜಲಪಾತದ ಊರಾದ ಕೊಡ್ಕಣಿಯನ್ನು ತಲುಪುತ್ತಿದ್ದರು. ಎಂದರೆ ಮೆಣಸು ಇಳಿದು ಬಂದ ದಾರಿಯನ್ನೇ ಅವರು ತಿರುಗಿ ಹತ್ತಿದರು. ಈ ವಿಹಾರದ ದಾಖಲೆಗಳಲ್ಲಿ ನೋಡಲು ಬಂದ ದೊರೆಗಳ ಹೆಸರುಗಳಿವೆಯೇ ಹೊರತು ದೋಣಿ ನಡೆಸಿದ ಅಂಬಿಗರ, ಮೇನೆ ಹೊತ್ತವರ ಹೆಸರುಗಳು ಇಲ್ಲ. ಘಟ್ಟದ ಮೇಲಿನವರಿಗೆ ಹಾದಿ ಸುಲಭವಾದದ್ದು ತಾಳಗುಪ್ಪದವರೆಗೆ ರೈಲು ಬಂದ ಮೇಲೆ. ಶಾಲೆಯ ಮಕ್ಕಳೂ, ಸಾಮಾನ್ಯ ಕುಟುಂಬಗಳೂ ಬುತ್ತಿ ಕಟ್ಟಿಕೊಂಡು ಜೋಗಕ್ಕೆ ಹೋಗಿಬರುವ ರೂಢಿ ಬೇರೂರಿದ್ದು ಆ ನಂತರವೇ. 1956ರಲ್ಲಿ ಕನ್ನಡ ನಾಡು ಒಂದಾದಾಗ ಹೊಳೆಯ ನಡುವಿನ ಆಡಳಿತದ ಗಡಿ ಅಳಿಯಿತು.

ಅಷ್ಟರಲ್ಲಿ ಹೊಳೆಯ ನೀರಿಗೆ ಬೇರೆಯದೇ ಕೆಲಸ ಗೊತ್ತಾಗಿತ್ತು. ಮೈಸೂರು ಸರ್ಕಾರ 1939ರಲ್ಲಿ ಆರಂಭಿಸಿದ ವಿದ್ಯುತ್ ಯೋಜನೆ 1948ರಲ್ಲಿ ಉದ್ಘಾಟನೆಗೊಂಡು, ಮುಂದೆ ಮಹಾತ್ಮ ಗಾಂಧಿಯವರ ಹೆಸರು ಪಡೆಯಿತು; ಅದರ ಮೂಲ ಸಾಮರ್ಥ್ಯ 120 ಮೆಗಾವಾಟ್ ಆಗಿತ್ತು. ಅದಕ್ಕೆ ನೀರು ಒದಗಿಸಲು ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ ಇಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಸ್ವಯಂಚಾಲಿತ ಸೈಫನ್‌ಗಳನ್ನು ಅಳವಡಿಸಲಾಯಿತು. ಜಲಾಶಯದ ಮಟ್ಟ ಗೊತ್ತಾದ ಅಂಚನ್ನು ಮೀರಿದೊಡನೆ ನೀರು ಈ ಬೃಹತ್ ಕೊಳವೆಗಳ ಬಾಯಿಯೊಳಗೆ ಸುಳಿಯಾಗಿ ತಿರುಗುತ್ತ ಇಳಿದು, ಒಳಗಿನ ಗಾಳಿಯನ್ನು ಹೊರದೂಡಿ, ಕೊಳವೆ ತುಂಬಿದ ಮೇಲೆ ಹೆಚ್ಚುವರಿ ನೀರನ್ನು ಸೆಳೆದು ಹೊರಹಾಕುತ್ತಿತ್ತು; ಗೇಟು ಎತ್ತಲು ಯಾರೂ ನಿಲ್ಲಬೇಕಾಗಿರಲಿಲ್ಲ. ಭಾರತೀಯ ಇಂಜಿನಿಯರುಗಳ ಸ್ವಂತ ಚಿಂತನೆಯ ಇಂಥ ಕೃತಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ಆ ಹಳೆಯ ಕಟ್ಟೆಯನ್ನೇ ಮುಳುಗಿಸಿತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ತುಂಬುವ ಈ ಜಲಾಶಯ ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ಆವರಿಸಿದೆ. ಇಲ್ಲಿಯ ನೀರು ತಳಕಳಲೆಯ ಸಮತೋಲನ ಜಲಾಶಯಕ್ಕೆ ಹರಿದು, ಅಲ್ಲಿಂದ ಕೊಳವೆಗಳಲ್ಲಿ ಕಣಿವೆಗೆ ಇಳಿದು, ತಲಾ 103.5 ಮೆಗಾವಾಟಿನ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಬಹುಕಾಲ ಕರ್ನಾಟಕದ ಮನೆ ಮತ್ತು ಕಾರ್ಖಾನೆಗಳ ಬೆಳಕಿಗೆ ಇದೇ ಮುಖ್ಯ ಆಧಾರವಾಗಿತ್ತು. ಆದರೆ ತಗ್ಗಿನ ಗದ್ದೆ, ಅಡಿಕೆ ತೋಟ, ದೇವಸ್ಥಾನ, ಶಾಲೆಗಳೊಂದಿಗೆ ಊರಿಗೆ ಊರೇ ನೀರಿನಡಿ ಹೋಗಿ ಸಾವಿರಾರು ಕುಟುಂಬಗಳು ಎತ್ತಂಗಡಿಯಾದವು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಭೂಮಿಯ ಹಕ್ಕಿಗಾಗಿ ಎದ್ದು ನಿಂತಿದ್ದ ಅದೇ ಸಾಗರ ಸೀಮೆಯಲ್ಲಿ, ಅದಾದ ಕೆಲವೇ ವರ್ಷಗಳಲ್ಲಿ ಭೂಮಿಯೇ ಇಲ್ಲವಾಯಿತು. ‘ಮುಳುಗಡೆ’ ಎಂಬುದು ಆ ಭಾಗದವರ ನಿತ್ಯದ ಮಾತಿನಲ್ಲಿ ಒಂದು ಕಾಲಘಟ್ಟದ ಹೆಸರೇ ಆಗಿ, ಹಿಂದಿನ ಘಟನೆಗಳನ್ನು ಮುಳುಗಡೆಗೆ ಮೊದಲು, ಮುಳುಗಡೆಯಾದ ಮೇಲೆ ಎಂದು ಎಣಿಸುವುದುಂಟು. ಯೋಜನೆಯ ಕೆಲಸದಲ್ಲಿದ್ದುಕೊಂಡೇ ಇದೆಲ್ಲವನ್ನೂ ಹತ್ತಿರದಿಂದ ಕಂಡ ನಾ. ಡಿಸೋಜ ಅವರು ‘ಮುಳುಗಡೆ’ ಮತ್ತು ‘ದ್ವೀಪ’ ಕೃತಿಗಳಲ್ಲಿ ಈ ಸಂಕಟವನ್ನು ಕನ್ನಡದ ಓದುಗರ ಮುಂದಿಟ್ಟರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು.

ಜಲಪಾತದ ಸ್ವರೂಪವೂ ಅಂದಿನಿಂದ ಬದಲಾಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿ ಗೇಟು ತೆರೆದಾಗ ನಾಲ್ಕು ಧಾರೆಗಳೂ ಒಂದಾಗಿ ಕಮರಿ ಮಂಜಿನಿಂದ ತುಂಬಿಹೋಗುತ್ತದೆ. ಬೇಸಿಗೆಯಲ್ಲಿ ಬಂಡೆಯ ಮೇಲೆ ತೆಳುವಾದ ಎಳೆಗಳಷ್ಟೇ ಉಳಿಯುತ್ತವೆ. ಹೀಗೆ ಪ್ರವಾಸಿಯ ಋತುವನ್ನು ಮಳೆಯೊಂದಿಗೆ ಅಣೆಕಟ್ಟೆಯ ಲೆಕ್ಕಾಚಾರವೂ ನಿರ್ಧರಿಸುವಂತಾಯಿತು. ಇನ್ನೊಂದೆಡೆ ಮುಳುಗಡೆ ತಾನೇ ಹೊಸ ತಾಣಗಳನ್ನು ಸೃಷ್ಟಿಸಿತು. ಗುಡ್ಡಗಳ ನೆತ್ತಿಗಳು ನಡುಗಡ್ಡೆಗಳಾಗಿ ಉಳಿದ ಹೊನ್ನೆಮರಡುವಿನ ಹಿನ್ನೀರಿನಲ್ಲಿ ಹರಿಗೋಲು ಹಾಗೂ ಕಯಾಕ್ ನಡೆಸುವುದನ್ನು, ಈಜುವುದನ್ನು ಕಲಿಸುವ, ನಡುಗಡ್ಡೆಗಳಲ್ಲಿ ಡೇರೆ ಹಾಕಿ ತಂಗುವ ಶಿಬಿರಗಳು ನಡೆಯುತ್ತವೆ. ಕಡುಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಹಿರೇಭಾಸ್ಕರ ಕಟ್ಟೆ ಮತ್ತೆ ತಲೆ ಎತ್ತುತ್ತದೆ. ಬಿರುಕುಬಿಟ್ಟ ಕೆಸರುನೆಲದ ಮೇಲೆ ನಡೆದು ಹೋಗಿ ಅದರ ಸೈಫನ್‌ಗಳ ಅಗಲವಾದ ಬಾಯಿಗಳನ್ನು ನೋಡಲು ಜನ ಸೇರುತ್ತಾರೆ. ದಟ್ಟ ಕಾಡಿನ ನಡುವಿನ ಕಾನೂರು ಕೋಟೆ ಚೆನ್ನಭೈರಾದೇವಿಯ ಕಾಲದ ನೆನಪನ್ನು ಉಳಿಸಿಕೊಂಡಿದ್ದು, ಚಾರಣಿಗರನ್ನು ಸೆಳೆಯುತ್ತ ಬಂದಿದೆ. ಅದು 1972ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ವನ್ಯಜೀವಿಧಾಮದ ಸೀಮೆಯಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ, ಮತ್ತು ಈ ಕಟ್ಟುಪಾಡು ನ್ಯಾಯವಾದುದೇ. ಎತ್ತರದ ಮರಗಳ ನೆತ್ತಿಯಿಂದ ನೆತ್ತಿಗೆ ಸಾಗುತ್ತ, ನೆಲಕ್ಕೆ ಇಳಿಯುವುದೇ ಅಪರೂಪವಾದ ಸಿಂಗಳೀಕದ ಆವಾಸಕ್ಕಾಗಿ 2019ರಲ್ಲಿ ಈ ರಕ್ಷಿತ ಪ್ರದೇಶವನ್ನು ವಿಸ್ತರಿಸಲಾಯಿತು.

ತುಮರಿ ಮತ್ತು ಆಸುಪಾಸಿನ ಊರುಗಳು ಜಲಾಶಯದಿಂದಾಗಿ ಸಾಗರ ಪಟ್ಟಣದಿಂದ ಕಡಿದುಹೋಗಿ, ಅಲ್ಲಿಯವರು ಆಸ್ಪತ್ರೆಗೂ ಕಾಲೇಜಿಗೂ ಸಂತೆಗೂ ಲಾಂಚನ್ನೇ ನೆಚ್ಚಬೇಕಾಯಿತು. ಬಸ್ಸು ಕಾರುಗಳನ್ನು ಹೊತ್ತು ಹಿನ್ನೀರನ್ನು ದಾಟುತ್ತಿದ್ದ ಆ ಲಾಂಚ್, ಸಿಗಂದೂರು ಚೌಡೇಶ್ವರಿಯ ಭಕ್ತರಿಗೂ ಪ್ರವಾಸಿಗರಿಗೂ ಸಂಭ್ರಮದ ಪಯಣವಾಗಿದ್ದರೆ, ರಾತ್ರಿ ಹೊತ್ತಿನಲ್ಲಿ ರೋಗಿಯನ್ನೋ ಬಸುರಿಯನ್ನೋ ದಾಟಿಸಬೇಕಾದ ಮನೆಯವರಿಗೆ ಅದು ಕೊನೆಯ ಸರದಿ ಮುಗಿದ ಮೇಲೆ ಇಲ್ಲದ ದಾರಿಯಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ, ಎಂದರೆ ಲಿಂಗನಮಕ್ಕಿ ತುಂಬಿ ಅರವತ್ತು ವರ್ಷಗಳಾದ ಮೇಲೆ. ಈ ನಡುವೆ ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ, ಬೇಡಿಕೆ ಕಡಿಮೆಯಿರುವಾಗ ನೀರನ್ನು ಮೇಲಕ್ಕೆತ್ತಿ ಬೇಡಿಕೆ ಹೆಚ್ಚಿದಾಗ ಕೆಳಗೆ ಹರಿಸುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವು ಸಿಂಗಳೀಕದ ಕಾಡಿನೊಳಗೇ ಬರುವುದರಿಂದ ಕಣಿವೆಯ ಜನರ ತೀವ್ರ ವಿರೋಧವನ್ನು ಎದುರಿಸಿದೆ. ಮೊದಲ ಮುಳುಗಡೆಯಲ್ಲಿ ಮನೆಮಠ ಕಳೆದುಕೊಂಡು ಅರಣ್ಯಭೂಮಿಯಲ್ಲಿ ನೆಲೆಸಿದ ಅನೇಕ ಕುಟುಂಬಗಳಿಗೆ, ಎರಡು ಮೂರು ತಲೆಮಾರು ಉತ್ತು ಬಿತ್ತಿದ ಆ ನೆಲದ ಹಕ್ಕುಪತ್ರ ಇನ್ನೂ ದೊರೆಯಬೇಕಾಗಿದೆ.