ಸುತ್ತು ಹಾಕಲಾಗದ ದ್ವೀಪ

ಜೆಟ್ ಸ್ಕೀ ಏರಿ, ದಾರಿ ಬಲ್ಲವರ ಹಿಂದೆ ಸಾಗಿ, ದ್ವೀಪವೊಂದನ್ನು ಸುತ್ತಿ ಬರುವುದು ಇಂದಿನ ಪ್ರವಾಸಿಗರ ಮೆಚ್ಚಿನ ಆಟಗಳಲ್ಲೊಂದು. ನಮ್ಮ ಮಲ್ಪೆಯ ಕಡಲತೀರಕ್ಕೂ ಈ ನೀರಿನ ಬೈಕು ಬಂದಿದೆ. ಆದರೆ ಕೊಳ್ಳೇಗಾಲಕ್ಕೆ ಹತ್ತಿರದ ಶಿವನಸಮುದ್ರ ದ್ವೀಪವನ್ನು ಯಾವ ದೋಣಿಯಾಗಲಿ ಯಂತ್ರವಾಗಲಿ ಸುತ್ತಿ ಬರಲಾರದು.

ಇದಕ್ಕೆ ಕಾರಣ ಕಾವೇರಿಯೇ. ಇಲ್ಲಿ ನದಿ ಎರಡು ಕವಲಾಗಿ, ಸುಮಾರು ಮೂರು ಮೈಲಿ ಉದ್ದದ ನೆಲವನ್ನು ನಡುವೆ ಬಿಟ್ಟು ಹರಿಯುತ್ತದೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಧುಮುಕಿ, ಕೆಳಗೆ ಮತ್ತೆ ಒಂದಾಗುತ್ತವೆ. ದ್ವೀಪದ ಎರಡೂ ಪಕ್ಕದಲ್ಲಿ ನೀರು ಇನ್ನೂರು ಅಡಿಗೂ ಹೆಚ್ಚು ಕೆಳಗಿಳಿಯುವಾಗ ಸುತ್ತುವ ಮಾತೆಲ್ಲಿ?

ಈ ದುರ್ಗಮತೆಯೇ ಒಂದು ಕಾಲಕ್ಕೆ ಶಿವನಸಮುದ್ರದ ಬಲವಾಗಿತ್ತು. ಉಮ್ಮತ್ತೂರಿನ ಪಾಳೆಯಗಾರರಿಗೆ ಇದು ನೀರೇ ಕಂದಕವಾಗಿದ್ದ ಕೋಟೆ. ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ, 1510ರಿಂದ 1512ರ ಸುಮಾರಿಗೆ, ಕೃಷ್ಣದೇವರಾಯ ಉಮ್ಮತ್ತೂರಿನ ಗಂಗರಾಜನನ್ನು ಸೋಲಿಸಿ ಈ ಕೋಟೆಯನ್ನು ವಶಪಡಿಸಿಕೊಂಡ. ಶ್ರೀರಂಗಪಟ್ಟಣದ ಆದಿರಂಗ ಮತ್ತು ಶ್ರೀರಂಗದ ಅಂತ್ಯರಂಗನ ನಡುವಿನ ಮಧ್ಯರಂಗನ ನೆಲೆ ಎಂಬುದೂ ದ್ವೀಪದ ಹಿರಿಮೆ.

ಕೋಟೆಗಾಗಲಿ ದೇವರ ದರ್ಶನಕ್ಕಾಗಲಿ ಹೊರಟವರು ನದಿ ದಾಟಲೇಬೇಕಿತ್ತು. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ನಡೆಯಬಹುದು. ನೀರೇರಿದಾಗ ದಕ್ಷಿಣದ ನದಿಗಳಲ್ಲೆಲ್ಲ ಜನರಿಗೆ ಆಸರೆಯಾಗಿದ್ದದ್ದು ಹರಿಗೋಲು. ಬಿದಿರಿನ ದೆಬ್ಬೆಗಳನ್ನು ಹೆಣೆದು ಮಾಡಿದ ದುಂಡನೆಯ ಬುಟ್ಟಿ, ಅದರ ಹೊರಮೈಗೆ ತೊಗಲಿನ ಹೊದಿಕೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಇಂಥ ಬುಟ್ಟಿದೋಣಿಗಳು ಹದಿನೈದಿಪ್ಪತ್ತು ಜನರನ್ನು ಸಾಗಿಸುತ್ತಿದ್ದುದನ್ನೂ ಅವು ತಿರುಗುತ್ತಲೇ ಸಾಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಇಂದು ತೊಗಲಿನ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಹೆಣಿಗೆ ಮಾತ್ರ ಹಳೆಯದೇ.

ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ತಳ ಚಪ್ಪಟೆಯಾದ್ದರಿಂದ ಗೇಣು ನೀರಿದ್ದರೂ ತೇಲುತ್ತದೆ. ಬಂಡೆಗೆ ತಗುಲಿದರೆ ಬಿದಿರು ತುಸು ಬಾಗಿ ಪೆಟ್ಟು ತಾಳಿಕೊಳ್ಳುತ್ತದೆ. ಒಬ್ಬ ಅಂಬಿಗ, ಒಂದು ಹುಟ್ಟು ಸಾಕು.

ಜೆಟ್ ಸ್ಕೀ ಇದಕ್ಕೆ ತದ್ವಿರುದ್ಧ. ಜಪಾನಿನ ಕವಾಸಾಕಿ ಕಂಪೆನಿ 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದ ವಾಹನದ ಹೆಸರೇ ಈಗ ಆ ಜಾತಿಯ ವಾಹನಗಳಿಗೆಲ್ಲ ನಿಂತಿದೆ. ಅದು ತಳದ ಕಿಂಡಿಯಿಂದ ನೀರು ಹೀರಿ, ಒಳಗಿನ ರೆಕ್ಕೆಚಕ್ರದಿಂದ ರಭಸವಾಗಿ ಹಿಂದಕ್ಕೆ ಚಿಮ್ಮಿಸಿ ಮುಂದೋಡುತ್ತದೆ. ಅದನ್ನು ತಿರುಗಿಸುವುದೂ ಆ ಚಿಮ್ಮುಧಾರೆಯೇ. ಹೀಗಾಗಿ ವೇಗ ಕಡಿಮೆ ಮಾಡಿದೊಡನೆ ಹಿಡಿತವೂ ಸಡಿಲವಾಗುತ್ತದೆ. ಆಳವಿಲ್ಲದ ಕಡೆ ಮರಳು, ಕಲ್ಲು, ಪಾಚಿಗಳು ಕಿಂಡಿಗೆ ಸೇರಿ ಯಂತ್ರ ಕೆಡುತ್ತದೆ. ವಿಶಾಲ ಕಡಲಿಗೆ ಒಪ್ಪುವ ಈ ಗುಣಗಳೇ ಬಂಡೆ ತುಂಬಿದ ಕಾವೇರಿಯಲ್ಲಿ ದೋಷಗಳಾಗುತ್ತವೆ.

ದ್ವೀಪಕ್ಕೆ ಹೋಗಲು ನೀರಿಗಿಳಿಯಲೇಬೇಕೆಂಬ ಕಟ್ಟು ಹತ್ತೊಂಬತ್ತನೆಯ ಶತಮಾನದಲ್ಲಿ ಸಡಿಲವಾಯಿತು. ಜಹಗೀರುದಾರ ರಾಮಸ್ವಾಮಿ ಮೊದಲಿಯಾರರು 1830ರ ದಶಕದ ಆರಂಭದ ವೇಳೆಗೆ ಎರಡೂ ಕವಲುಗಳಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ನದಿಯ ಹಾಸುಬಂಡೆಯ ಮೇಲೆ ಕಲ್ಲುಗಂಬ ನಿಲ್ಲಿಸಿ, ಕಲ್ಲಿನ ತೊಲೆ ಹೊದಿಸಿದ ಕೆಲಸ ಅದು. ಒಂದಕ್ಕೆ ಮದ್ರಾಸಿನ ಗವರ್ನರ್ ಲಷಿಂಗ್ಟನ್ ಹೆಸರಿಟ್ಟರು. ಇನ್ನೊಂದನ್ನು ಜನ ವೆಸ್ಲಿ ಸೇತುವೆ ಎನ್ನುತ್ತಾರೆ. 2018ರ ಪ್ರವಾಹದಲ್ಲಿ ಈ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು.

ಮುಂದೆ ನೀರಿನ ಲೆಕ್ಕವೇ ಬದಲಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅದಕ್ಕಾಗಿ ನದಿಯ ನೀರನ್ನು ಜಲಪಾತದ ಮೇಲ್ಗಡೆಯೇ ಕಾಲುವೆಗೆ ತಿರುಗಿಸಲಾಯಿತು. ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಸಿಗಲೆಂಬುದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು. ಅಂದಿನಿಂದ ಈ ಭಾಗದ ಕಾವೇರಿ ಮಳೆಯ ಮಾತನ್ನಷ್ಟೇ ಅಲ್ಲ, ಅಣೆಕಟ್ಟಿನ ಬಾಗಿಲ ಮಾತನ್ನೂ ಕೇಳಬೇಕಾಗಿದೆ.

ಸೇತುವೆ ಬಂದು ಕೆಲಸ ಕಳೆದುಕೊಂಡ ಹರಿಗೋಲಿಗೆ ಪ್ರವಾಸೋದ್ಯಮ ಇನ್ನೊಂದು ಬದುಕು ಕೊಟ್ಟಿತು. ನೀರು ಇಳಿದ ದಿನಗಳಲ್ಲಿ ಭರಚುಕ್ಕಿಯ ಬುಡದ ಮಡುವಿನಲ್ಲಿ, ಇನ್ನೂ ಕೆಳಗೆ ಹನೂರು ತಾಲ್ಲೂಕಿನ ಅಂಚಿನ ಹೊಗೇನಕಲ್ಲಿನಲ್ಲಿ ಅದೇ ಬುಟ್ಟಿ ಗಿರಕಿ ಹೊಡೆಯುತ್ತದೆ. ಹತ್ತಿದವರಿಗೆ ಅದು ಮೋಜು. ಅಂಬಿಗನಿಗೆ ಅದು ಅನ್ನ. ಯಾವ ಬಂಡೆ ಎಷ್ಟು ಮುಳುಗಿದರೆ ಸುಳಿ ಎಲ್ಲೇಳುತ್ತದೆ ಎಂಬ ಅವನ ತಿಳಿವಳಿಕೆ ಯಾವ ನಕಾಶೆಯಲ್ಲೂ ಇಲ್ಲ.

ಆದರೆ ಆ ತಿಳಿವಳಿಕೆಗೂ ಮಿತಿಯುಂಟು. ಕನ್ನಂಬಾಡಿ, ಕಬಿನಿ ಜಲಾಶಯಗಳು ತುಂಬಿ ಹೊರಹರಿವು ಹೆಚ್ಚಿದಾಗ ಹರಿಗೋಲುಗಳು ದಡಕ್ಕೇರುತ್ತವೆ. ಜಲಪಾತದ ವೈಭವ ನೋಡಲು ಜನ ಕಿಕ್ಕಿರಿಯುವ ದಿನಗಳೇ ಅಂಬಿಗನಿಗೆ ಸಂಪಾದನೆಯಿಲ್ಲದ ದಿನಗಳು. ಹುಟ್ಟು ಎತ್ತಿಟ್ಟು ಆತ ನೀರು ಇಳಿಯುವುದನ್ನು ಕಾಯುತ್ತಾನೆ. ಹತ್ತಲು ಬಂದವರೂ ಕಾಯಬೇಕು.